ಗರಡಿಯ ಎಣ್ಣೆ, ಆಸ್ಪತ್ರೆಯ ಕೋನಮಾಪಕ: ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಉಳುಕು ಮತ್ತು ನಡುನೋವಿನ ಆರೈಕೆ

ಬೆಳಗಾವಿ ನಗರ ಮತ್ತು ಅದರ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಖಾನಾಪುರ ಇವೆರಡೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಹೀಗಾಗಿ ಈ ಸೀಮೆಯ ಜನ ಕುಸ್ತಿ ಕಲಿಯಲು ಕೊಲ್ಹಾಪುರಕ್ಕೂ, ಶಸ್ತ್ರಚಿಕಿತ್ಸೆಗೆ ಮೀರಜಿಗೂ, ಹೆಚ್ಚಿನ ಓದಿಗೆ ಪುಣೆ–ಮುಂಬಯಿಗಳಿಗೂ ಹೋಗುತ್ತಿದ್ದರೇ ಹೊರತು ಬೆಂಗಳೂರು ಅವರ ಲೆಕ್ಕದಲ್ಲಿ ಇರಲಿಲ್ಲ. ಉಳುಕಿದ ಕಾಲು, ಜಾರಿದ ಭುಜ, ಹಿಡಿದುಕೊಂಡ ಕುತ್ತಿಗೆ, ಏಳಲಾಗದ ನಡು ಇವುಗಳ ಆರೈಕೆಯ ಚರಿತ್ರೆಯೂ ಇದೇ ದಾರಿಗಳಲ್ಲಿ ಸಾಗಿ ಬಂದಿದೆ. ಇಂದು ಫಿಸಿಯೋಥೆರಪಿ ಅಥವಾ ಭೌತಚಿಕಿತ್ಸೆ ಎಂದು ಕರೆಯಲಾಗುವ ವಿದ್ಯೆ, ಅಂದರೆ ಔಷಧಿ ಮತ್ತು ಶಸ್ತ್ರಕ್ರಿಯೆಗಳ ಬದಲಾಗಿ ವ್ಯಾಯಾಮ, ಕೈಚಳಕ, ಶಾಖ, ವಿದ್ಯುತ್ತುಗಳ ನೆರವಿನಿಂದ ಅಂಗಗಳ ಚಲನೆಯನ್ನು ಮರಳಿ ತರುವ ವಿದ್ಯೆ, ಈ ಸೀಮೆಗೆ ಆಸ್ಪತ್ರೆಯ ಮೂಲಕ ಬಂದದ್ದು ನಿಜ. ಆದರೆ ಅದು ಬಂದಾಗ ಊರು ಖಾಲಿಯಾಗಿರಲಿಲ್ಲ. ಗಲ್ಲಿಗಳಲ್ಲಿ ತಾಲೀಮುಗಳೆಂಬ ಗರಡಿಗಳಿದ್ದವು, ಅವುಗಳಲ್ಲಿ ಎಣ್ಣೆ ತಿಕ್ಕುವ ಕೈಗಳಿದ್ದವು, ಹಳ್ಳಿಗಳಲ್ಲಿ ಎಲುಬು ಕೂಡಿಸುವವರಿದ್ದರು. ಹೊಸ ವಿದ್ಯೆ ತಂದ ನಿಜವಾದ ಬದಲಾವಣೆ ಯಂತ್ರಗಳದ್ದಲ್ಲವೆಂದೂ, ಅಲ್ಲಿಯವರೆಗೆ ಗಟ್ಟಿಮುಟ್ಟಾದವನ ಸೊತ್ತಾಗಿದ್ದ ಸಾಮನ್ನು, ಅಂದರೆ ವ್ಯಾಯಾಮವನ್ನು, ನೊಂದ ದೇಹಕ್ಕೆ ಅಳತೆ ಮಾಡಿ ಕೊಟ್ಟದ್ದೇ ಅದರ ದೊಡ್ಡ ಕೆಲಸವೆಂದೂ ಈ ಚರಿತ್ರೆಯನ್ನು ನೋಡಿದರೆ ತೋರುತ್ತದೆ.

ಕುಸ್ತಿಯ ಬಗೆಗಿನ ಹಳೆಯ ಬರಹಗಳಲ್ಲಿ ಈ ನಾಡಿಗೆ ಹತ್ತಿರದ್ದು ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ. ಬೆಳಗಾವಿ ಸೀಮೆ ಆಗ ಆ ಸಾಮ್ರಾಜ್ಯದ ಒಳಗಿತ್ತು. ಈ ಗ್ರಂಥದ ಮಲ್ಲವಿನೋದವೆಂಬ ಭಾಗದಲ್ಲಿ ಸೋಮೇಶ್ವರನು ಮಲ್ಲರನ್ನು ವಯಸ್ಸು, ದೇಹಬಲ, ನೈಪುಣ್ಯಗಳಿಗೆ ತಕ್ಕಂತೆ ವಿಂಗಡಿಸಿ, ಅವರ ಆಹಾರವನ್ನು ಹೇಳಿ, ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಮುಂತಾಗಿ ಸಾಮಿನ ಬಗೆಗಳನ್ನು ಎಣಿಸುತ್ತಾನೆ. ಮೈಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವ ಅಭ್ಯಂಗವು ಅದೇ ಗ್ರಂಥದ ಬೇರೆಡೆ ಅರಸನ ಭೋಗಗಳ ಸಾಲಿನಲ್ಲಿ ಬರುತ್ತದೆ. ಸಾಮು ಮಲ್ಲನ ಪಾಲಿಗೆ, ಅಭ್ಯಂಗ ಅರಸನ ಪಾಲಿಗೆ ಎಂಬ ಈ ಹಂಚಿಕೆ ಗ್ರಂಥದ ರಚನೆಯಿಂದ ಬಂದದ್ದಿರಬಹುದು. ಗರಡಿಯಲ್ಲಿ ಮಾತ್ರ ಎರಡೂ ಒಂದೇ ಸೂರಿನಡಿ ಸೇರಿದವು.

ಆಧುನಿಕ ಕಾಲದಲ್ಲಿ ಈ ಭಾಗದ ಕುಸ್ತಿಗೆ ಬಲ ಬಂದದ್ದು ಕೊಲ್ಹಾಪುರದಿಂದ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಪೈಲ್ವಾನರಿಗೆ ಆಶ್ರಯವಿತ್ತು, 1912ರಲ್ಲಿ ಖಾಸಬಾಗ ಆಖಾಡವನ್ನು ಕಟ್ಟಿಸಿದರು. ಬೆಳಗಾವಿಯ ಒಂದು ಭಾಗವೇ ಆಗಿರುವ ಶಹಾಪುರವೂ ಆ ಕಾಲಕ್ಕೆ ಸಾಂಗಲಿ ಸಂಸ್ಥಾನದ ಆಳ್ವಿಕೆಯಲ್ಲಿತ್ತು. ಸಂಸ್ಥಾನಿಕರ ಮೆಚ್ಚುಗೆ, ಊರ ಜಾತ್ರೆಯ ಇನಾಮು, ಗಲ್ಲಿಯ ಅಭಿಮಾನ ಈ ಮೂರರ ಆಸರೆಯಲ್ಲಿ ತಾಲೀಮುಗಳು ಬೆಳೆದವು. ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದಲ್ಲಿ ಹುಟ್ಟಿ, ಕೊಲ್ಹಾಪುರದ ಶಾಹುಪುರಿ ತಾಲೀಮಿನಲ್ಲಿ ಪಳಗಿ, 1959ರಲ್ಲಿ ಮೊತ್ತಮೊದಲ ‘ಹಿಂದ್ ಕೇಸರಿ’ ಎನಿಸಿಕೊಂಡ ಶ್ರೀಪತಿ ಖಂಚನಾಳೆ ಅವರ ದಾರಿ ಈ ಭಾಗದ ಎಷ್ಟೋ ಹುಡುಗರು ಹಿಡಿದ ದಾರಿಯೇ ಆಗಿತ್ತು. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ನಡೆಯುವ ಪಂದ್ಯಗಳ ಭಿತ್ತಿಪತ್ರಗಳಲ್ಲಿ ಇಂದಿಗೂ ‘ಜಂಗೀ ನಿಕಾಲಿ ಕುಸ್ತಿ’ ಎಂಬ ಮಾತು ಕಾಣುತ್ತದೆ. ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೆ ಬಿಡದೆ ಆಡುವುದು ನಿಕಾಲಿ ಕುಸ್ತಿಯ ಪದ್ಧತಿ.

ತಾಲೀಮಿನ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಆರೈಕೆ ಅದರ ಒಳಗೇ ಹೆಣೆದುಕೊಂಡಿರುವುದು ತಿಳಿಯುತ್ತದೆ. ನಸುಕಿನಲ್ಲಿ ಮೊದಲು ಮಾರುತಿಗೆ ನಮಸ್ಕಾರ, ಆಮೇಲೆ ಸಲಿಕೆಯಿಂದ ಮಟ್ಟಿಯನ್ನು, ಅಂದರೆ ಕುಸ್ತಿಯ ಕೆಂಪು ಮಣ್ಣನ್ನು, ಅಗೆದು ಸಡಿಲಗೊಳಿಸುವ ಕೆಲಸ. ಈ ಅಗೆತವೇ ತೋಳು ಮತ್ತು ನಡುವಿಗೆ ಮೊದಲ ಸಾಮು. ಜರಡಿ ಹಿಡಿದ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ, ಕರ್ಪೂರಗಳನ್ನು ಬೆರೆಸುವುದರಿಂದ ಅದು ಮೆತ್ತಗಿದ್ದು, ಬಿದ್ದವನ ಮೈಯನ್ನು ತರಚದೆ ಹಿಡಿದುಕೊಳ್ಳುತ್ತದೆ. ದಂಡ, ಬೈಠಕ್, ಕಲ್ಲುಗುಂಡು, ಗದೆಗಳ ಸರದಿ ಮುಗಿದು ಪಟ್ಟುಗಳ ಅಭ್ಯಾಸವಾದ ಮೇಲೆ, ಬೆವರಿದ ಮೈಗೆ ಮಣ್ಣು ಬಳಿದುಕೊಂಡು ಹುಡುಗರು ಗೋಡೆಗೊರಗಿ ಕೂಡುತ್ತಾರೆ. ಎಣ್ಣೆಯ ಮಾಲೀಸು ಬೇರೆ ಹೊತ್ತಿನದು. ಒಬ್ಬ ಪೈಲ್ವಾನ ಬೋರಲು ಮಲಗಿದರೆ ಕಿರಿಯನೊಬ್ಬ ಅವನ ಮೀನಖಂಡದಿಂದ ತೊಡೆಗೆ, ತೊಡೆಯಿಂದ ನಡುವಿಗೆ, ಯಾವಾಗಲೂ ಎದೆಯ ಕಡೆಗೇ ಅಂಗೈ ಒತ್ತಿ ಜಾರಿಸುತ್ತಾ ಬರುತ್ತಾನೆ. ಬೆನ್ನೆಲುಬಿನ ಎರಡೂ ಬದಿಯ ದಪ್ಪ ಸ್ನಾಯುಗಳಿಗೆ ಕೈ ಸಾಲದಿದ್ದರೆ ಮೊಣಕೈ ಊರುತ್ತಾನೆ. ಎಲ್ಲಿ ಗಂಟು ಸಿಕ್ಕಿತೋ ಅಲ್ಲಿ ಕೈ ನಿಲ್ಲುತ್ತದೆ. ಹೀಗೆ ದಿನವೂ ಹತ್ತಾರು ಮೈಗಳನ್ನು ತಿಕ್ಕಿ ಬೆಳೆದ ಹುಡುಗ ಮುಂದೆ ವಸ್ತಾದನಾಗುವ, ಅಂದರೆ ತಾಲೀಮಿನ ಗುರುವಾಗುವ, ಹೊತ್ತಿಗೆ, ಯಾವ ಭುಜ ಸರಿಯಾಗಿದೆ, ಯಾವುದು ಹಳೆಯ ಪೆಟ್ಟನ್ನು ಮುಚ್ಚಿಟ್ಟುಕೊಂಡಿದೆ ಎಂಬುದನ್ನು ಬೆರಳ ತುದಿಯಿಂದಲೇ ಹೇಳಬಲ್ಲವನಾಗಿರುತ್ತಾನೆ. ಈ ತಿಳಿವಳಿಕೆ ಬರಹಕ್ಕಿಳಿಯಲಿಲ್ಲ. ವಸ್ತಾದನೊಂದಿಗೆ ಬಂತು, ಅವನೊಂದಿಗೆ ಹೋಯಿತು.

ಪೆಟ್ಟುಗಳಿಗೆ ಗರಡಿಯಲ್ಲಿ ಕೊರತೆಯಿರಲಿಲ್ಲ. ಪೈಲ್ವಾನನ ಗುರುತೇ ಆಗಿರುವ ಮುದುರಿದ ಕಿವಿ, ಎದುರಾಳಿಯ ತಲೆ ಮತ್ತು ತೋಳಿನ ಉಜ್ಜಾಟಕ್ಕೆ ಕಿವಿಯ ಮೃದ್ವಸ್ಥಿ ಮತ್ತು ಅದರ ಹೊದಿಕೆಯ ನಡುವೆ ರಕ್ತ ತುಂಬಿ, ಅದು ಹೆಪ್ಪುಗಟ್ಟಿ ಗಟ್ಟಿಯಾದುದರ ಫಲ. ಅದನ್ನು ಯಾರೂ ಗಾಯವೆಂದು ಎಣಿಸಲಿಲ್ಲ. ಎತ್ತಿ ಎಸೆಯುವ ಢಾಕಿನಂಥ ಪಟ್ಟಿನಲ್ಲಿ ಕುತ್ತಿಗೆ ಮತ್ತು ಭುಜ, ಕಾಲು ಹೆಣೆಯುವ ಪಟ್ಟುಗಳಲ್ಲಿ ಮೊಣಕಾಲು, ಕೆಳಗೆ ಬಿದ್ದವನನ್ನು ಮಗುಚುವಾಗ ನಡು ನೋವಿಗೆ ಸಿಕ್ಕುತ್ತಿದ್ದವು. ಇವಕ್ಕೆ ಗರಡಿಯೂ ಮನೆಯೂ ಕೊಡುತ್ತಿದ್ದ ಉಪಚಾರ ಬಹುಮಟ್ಟಿಗೆ ಒಂದೇ: ಔಡಲ ಎಣ್ಣೆ ಸವರಿ ಬಿಸಿ ಮಾಡಿದ ಎಕ್ಕೆಯ ಎಲೆ, ಲೆಕ್ಕಿ ಸೊಪ್ಪು ಅಥವಾ ಹುಣಸೆ ಎಲೆ ಕುದಿಸಿದ ನೀರು, ಉಪ್ಪಿನ ಗಂಟಿನ ಕಾವು, ಆಂಬೆಹಳದಿಯ ಲೇಪ, ಮೇಲೊಂದು ಬಿಗಿ ಕಟ್ಟು, ನೋವು ಇಳಿಯುವವರೆಗೆ ಹಾಸಿಗೆ. ದಿಢೀರನೆ ನಡು ಹಿಡಿದರೆ, ಖಾನಾಪುರದ ಮರಾಠಿ ಮಾತಿನಲ್ಲಿ ‘ಉಸಣ’ ತುಂಬಿದರೆ, ಹುಟ್ಟುವಾಗ ಕಾಲು ಮುಂದಾಗಿ ಬಂದವರನ್ನು ಹುಡುಕಿ ತಂದು ಅವರ ಪಾದವನ್ನು ಬೆನ್ನಿಗೆ ಮುಟ್ಟಿಸಿಕೊಳ್ಳುವುದು ವಾಡಿಕೆ. ಹಠಾತ್ತಾಗಿ ಹಿಡಿದ ನಡುನೋವು ಬಹುಪಾಲು ಸಂದರ್ಭಗಳಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ತಗ್ಗುವ ಸ್ವಭಾವದ್ದು. ಆದ್ದರಿಂದ ಆ ಪಾದಕ್ಕೆ ಕೀರ್ತಿ ಬರುವುದರಲ್ಲಿ ಆಶ್ಚರ್ಯವಿಲ್ಲ, ನಂತರದ ಕಾಲದ ಕೆಲವು ಯಂತ್ರಗಳಿಗೆ ಬಂದ ಕೀರ್ತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ಹಳೆಯ ಪದ್ಧತಿಯನ್ನು ಹೊಗಳುವ ಭರದಲ್ಲಿ ಅದರ ಹಾನಿಯನ್ನು ಮರೆಯುವುದು ಸಲ್ಲದು. ಉಳುಕಿದ ತಕ್ಷಣ, ಒಳಗೆ ಇನ್ನೂ ರಕ್ತ ಒಸರುತ್ತಿರುವಾಗಲೇ, ಕಾವು ಕೊಟ್ಟು ತಿಕ್ಕಿದರೆ ಬಾವು ಹೆಚ್ಚುತ್ತದೆ. ಮೊಣಕೈಯ ಪೆಟ್ಟನ್ನು ಬಲವಾಗಿ ತಿಕ್ಕಿಸಿಕೊಂಡವರಲ್ಲಿ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಶಾಶ್ವತವಾಗಿ ಬಿಗಿದುಕೊಳ್ಳುವುದನ್ನು ಎಲುಬಿನ ವೈದ್ಯರು ದೇಶದೆಲ್ಲೆಡೆ ಕಂಡಿದ್ದಾರೆ. ಮುರಿದ ಮುಂಗೈಗೆ ಬಿದಿರಿನ ದಬ್ಬೆಗಳನ್ನು ತೀರ ಬಿಗಿಯಾಗಿ ಕಟ್ಟಿದ್ದರಿಂದ ರಕ್ತಸಂಚಾರ ನಿಂತು ಬೆರಳುಗಳು ಮುದುಡಿ ಹೋದ ಪ್ರಸಂಗಗಳೂ ವೈದ್ಯಗ್ರಂಥಗಳಲ್ಲಿ ಬಹಳ. ಸುಶ್ರುತಸಂಹಿತೆ ಈ ವಿಷಯದಲ್ಲಿ ಹಳ್ಳಿಯ ರೂಢಿಗಿಂತ ಎಚ್ಚರದ್ದು: ಮುರಿದ ಅಂಗಕ್ಕೆ ಮರದ ತೊಗಟೆಯ ಪಟ್ಟಿಗಳನ್ನಿಟ್ಟು ಕಟ್ಟಬೇಕೆಂದೂ, ಕಟ್ಟು ಸಡಿಲವಾದರೆ ಸಂಧಿ ನಿಲ್ಲದು, ಬಿಗಿಯಾದರೆ ಬಾವು–ನೋವುಗಳು ಬರುವವೆಂದೂ, ಚಳಿಗಾಲದಲ್ಲಿ 7 ದಿನಕ್ಕೆ, ಸಾಧಾರಣ ಋತುವಿನಲ್ಲಿ 5 ದಿನಕ್ಕೆ, ಬೇಸಗೆಯಲ್ಲಿ 3 ದಿನಕ್ಕೆ ಕಟ್ಟನ್ನು ಬಿಚ್ಚಿ ಮರಳಿ ಕಟ್ಟಬೇಕೆಂದೂ ಅದು ವಿಧಿಸುತ್ತದೆ. ವ್ಯಾಯಾಮಕ್ಕೂ ಅದು ಮಿತಿ ಹಾಕುತ್ತದೆ. ತನ್ನ ಬಲದ ಅರ್ಧದಷ್ಟನ್ನೇ ಬಳಸಬೇಕು, ಬಾಯಿಯಿಂದ ಉಸಿರು ಬರತೊಡಗಿದರೆ ಅರ್ಧ ಮುಗಿಯಿತೆಂದು ತಿಳಿಯಬೇಕು. ತಾಲೀಮಿನ ಸಾವಿರಾರು ಬೈಠಕ್‌ಗಳ ಲೆಕ್ಕಕ್ಕೂ ಈ ಅರ್ಧಬಲದ ನಿಯಮಕ್ಕೂ ಹೊಂದಿಕೆಯಿರಲಿಲ್ಲ ಎಂಬುದು ಸ್ಪಷ್ಟ. ಶಾಸ್ತ್ರದ ಈ ಧಾರೆಗೆ ಬೆಳಗಾವಿಯಲ್ಲಿ ನೆಲೆ ಸಿಕ್ಕಿದ್ದು 1933ರಲ್ಲಿ, ಶಹಾಪುರದ ಆಯುರ್ವೇದ ಮಹಾವಿದ್ಯಾಲಯದ ಮೂಲಕ. ಮುಂದೆ ಕೆ.ಎಲ್.ಇ. ಎಂಬ ಶಿಕ್ಷಣ ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯವೆಂದು ಹೆಸರಾದ ಇಲ್ಲಿ, ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ನಡುವಿನ ಮೇಲೆ ಬೆಚ್ಚನೆಯ ಎಣ್ಣೆ ನಿಲ್ಲಿಸುವ ಕಟಿಬಸ್ತಿಯಂಥ ಉಪಚಾರಗಳು ನಡುನೋವಿಗೂ, ನಡುವಿನಿಂದ ಕಾಲಿಗೆ ಸೆಳೆಯುವ ಗೃಧ್ರಸಿಗೂ ನಡೆಯುತ್ತ ಬಂದಿವೆ.

ಇನ್ನೊಂದು ಧಾರೆ ಬಂದದ್ದು ಕ್ಯಾಂಪ್ ಪ್ರದೇಶದಿಂದ. 1818ರಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಯನ್ನು ಹಿಡಿದ ಮೇಲೆ ಊರಿನ ಪಕ್ಕದಲ್ಲಿ ದಂಡಿನ ನೆಲೆ ಬೆಳೆಯಿತು. 1922ರ ಸೇನಾ ಮರುಸಂಘಟನೆಯ ನಂತರ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಇಲ್ಲಿ ನೆಲೆಯೂರಿತು. ಯುರೋಪಿನಲ್ಲಿ ಭೌತಚಿಕಿತ್ಸೆಯ ಬೇರುಗಳೂ ಕವಾಯತಿನಲ್ಲೇ ಇವೆ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಥಾಪಿಸಿದ ವ್ಯಾಯಾಮ ಸಂಸ್ಥೆ ಸೈನಿಕರ ಕವಾಯತನ್ನೂ ರೋಗಿಗಳ ವ್ಯಾಯಾಮವನ್ನೂ ಒಂದೇ ಶಾಸ್ತ್ರದ ಎರಡು ಶಾಖೆಗಳೆಂದು ಕಲಿಸಿತು. ಇಂಗ್ಲೆಂಡಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಮಾಲೀಸಿನ ವೃತ್ತಿಗೆ ಮರ್ಯಾದೆ ತರಲೆಂದು ಕಟ್ಟಿದ ಸಂಘವೇ 1944ರಲ್ಲಿ ಭೌತಚಿಕಿತ್ಸಕರ ಸಂಘವೆಂದು ಹೆಸರು ಪಡೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಸಂಖ್ಯೆ ಏರಿದಂತೆ ಈ ಕೈಗಳಿಗೆ ಬೇಡಿಕೆ ಬಂತು. ಮುಂಬಯಿ ಪ್ರಾಂತ್ಯದಲ್ಲಿ ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರಿ ಶಾಲೆ 1917ರಲ್ಲಿ ಹುಟ್ಟಿ ಪುಣೆಯ ಬಳಿಯ ಖಡಕಿಯಲ್ಲಿ ನೆಲೆಗೊಂಡಿತು, 1944ರಲ್ಲಿ ಪುಣೆಯಲ್ಲಿ ಕೃತಕ ಅಂಗಗಳ ಕೇಂದ್ರ ತೆರೆಯಿತು. ಪುಣೆ ಬೆಳಗಾವಿಗೆ ರೈಲಿನಲ್ಲಿ ಒಂದು ರಾತ್ರಿಯ ದಾರಿ. ದಂಡಿನ ಆಸ್ಪತ್ರೆಯಲ್ಲಿ ಸೈನಿಕನಿಗೆ ದೊರೆತ ಆರೈಕೆ ಪಕ್ಕದ ಗಲ್ಲಿಯ ಹಮಾಲನಿಗೆ ದೊರೆಯಲು ಮಾತ್ರ ಇನ್ನೂ ಬಹಳ ವರ್ಷ ಹಿಡಿಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಹಿಂದಿನ ವರ್ಷವಷ್ಟೇ ನಾ.ಸು. ಹರ್ಡೀಕರರು ಕಟ್ಟಿದ್ದ ಸೇವಾದಳದ ಮೂಲಕ ಕವಾಯತು ರಾಷ್ಟ್ರೀಯ ಹುರುಪಿನ ಭಾಗವೂ ಆಯಿತು. ಆದರೆ ಅದು ಆರೋಗ್ಯವಂತ ತರುಣರ ಕವಾಯತು.

ರೋಗಿಗೆ ವ್ಯಾಯಾಮ ಎಂಬ ಕಲ್ಪನೆ ಸ್ವತಂತ್ರ ಭಾರತದಲ್ಲಿ ಬೇರೂರಿದ್ದು ಪೋಲಿಯೋದಿಂದ. 1950ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯಲ್ಲಿ ಈ ರೋಗದ ಹಾವಳಿ ಹೆಚ್ಚಿದಾಗ, ಭಾರತ ಸರ್ಕಾರ, ಮುಂಬಯಿ ನಗರಪಾಲಿಕೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು ಸೇರಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಭೌತಚಿಕಿತ್ಸಾ ಶಾಲೆಯನ್ನು ತೆರೆದವು; 1955ರಲ್ಲಿ ಭಾರತೀಯ ಭೌತಚಿಕಿತ್ಸಕರ ಸಂಘ ಸ್ಥಾಪನೆಯಾಯಿತು. ಅದೇ ಕಾಲದಲ್ಲಿ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಮಡಿಚಿಹೋದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸತೊಡಗಿದ್ದರು; ಸ್ನಾಯುರಜ್ಜುವನ್ನು, ಅಂದರೆ ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿಯನ್ನು, ಬೇರೆಡೆಗೆ ಹೊಲಿದ ಮೇಲೆ ಅದನ್ನು ಹೊಸದಾಗಿ ಬಳಸುವುದನ್ನು ಕೈಗೆ ಕಲಿಸಲು ಚಿಕಿತ್ಸಕರು ಬೇಕೇ ಬೇಕಿತ್ತು. ಭೌತಚಿಕಿತ್ಸೆಯ ಮೊದಲ ತಲೆಮಾರು ಹೀಗೆ ಸೋತ ಸ್ನಾಯುಗಳ ಜೊತೆ ಬೆಳೆಯಿತು. ಪೈಲ್ವಾನನ ಉಳುಕಿಗೂ ರೈತನ ನಡುನೋವಿಗೂ ಅದರ ಗಮನ ಹರಿದದ್ದು ಆಮೇಲೆ; ಲಸಿಕೆಯಿಂದ ಪೋಲಿಯೋ ಹಿಂದೆ ಸರಿದು, 2014ರಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಿತವಾಗುವ ಹೊತ್ತಿಗೆ, ಭೌತಚಿಕಿತ್ಸಾ ವಿಭಾಗಗಳ ಮುಂದಿನ ಸಾಲುಗಳಲ್ಲಿ ಕೂತವರು ಬಹುಪಾಲು ಕುತ್ತಿಗೆ, ನಡು, ಮೊಣಕಾಲು ನೋವಿನವರಾಗಿದ್ದರು.

ಬೆಳಗಾವಿಯಲ್ಲಿ ಈ ವಿದ್ಯೆಗೆ ಮನೆ ಕಟ್ಟಿಕೊಟ್ಟದ್ದು ಶಿಕ್ಷಣ ಸಂಸ್ಥೆಗಳು. 1916ರಲ್ಲಿ ಏಳು ಮಂದಿ ಶಿಕ್ಷಕರು ಆರಂಭಿಸಿದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು ತೆರೆಯಿತು; ಜಿಲ್ಲಾ ಆಸ್ಪತ್ರೆಯ ವಾರ್ಡುಗಳೇ ಬಹುಕಾಲ ಅದರ ವಿದ್ಯಾರ್ಥಿಗಳಿಗೆ ಪಾಠಶಾಲೆ. ಸಂಸ್ಥೆಯ ಸ್ವಂತ ದೊಡ್ಡ ಆಸ್ಪತ್ರೆ 1996ರಲ್ಲಿ ಬಾಗಿಲು ತೆರೆಯಿತು. ಭೌತಚಿಕಿತ್ಸೆಯ ಪದವಿ ಕಾಲೇಜು ಕೂಡ ಆರಂಭವಾಗಿ, 2006ರಲ್ಲಿ ರೂಪುಗೊಂಡ ಕೆ.ಎಲ್.ಇ. ಸ್ವಾಯತ್ತ ವಿಶ್ವವಿದ್ಯಾಲಯದ ಅಂಗವಾಯಿತು. ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡು ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ 2005ರಲ್ಲಿ ಹುಟ್ಟಿತು. ಅಲ್ಲಿಂದಾಚೆಗೆ ಪದವಿ ಪಡೆದ ಹುಡುಗ ಹುಡುಗಿಯರು ಟಿಳಕವಾಡಿ, ಶಹಾಪುರಗಳಂಥ ಬಡಾವಣೆಗಳಲ್ಲಿ ಸಣ್ಣ ಚಿಕಿತ್ಸಾಲಯಗಳನ್ನು ಇಟ್ಟುಕೊಂಡದ್ದರಿಂದ ಈ ಆರೈಕೆ ಆಸ್ಪತ್ರೆಯ ಗೋಡೆಯಿಂದ ಹೊರಬಂದು ಬೀದಿಯ ವ್ಯವಹಾರವೂ ಆಯಿತು. ಹೆಣ್ಣುಮಕ್ಕಳು ಈ ವೃತ್ತಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು, ಗಂಡಸರಷ್ಟೇ ಕಾಲಿಡುತ್ತಿದ್ದ ತಾಲೀಮಿನ ಆರೈಕೆಗೆ ಹೋಲಿಸಿದರೆ, ಸಣ್ಣ ಬದಲಾವಣೆಯಲ್ಲ. ನಡುನೋವಿನ ಹೆಂಗಸಿಗೆ ತನ್ನ ಬೆನ್ನನ್ನು ತೋರಿಸಲು ಮೊದಲ ಬಾರಿಗೆ ಒಂದು ಜಾಗ ದೊರೆಯಿತು.

ಈ ಚಿಕಿತ್ಸಾಲಯಗಳಲ್ಲಿ ಪರೀಕ್ಷೆಯ ರೀತಿಯೇ ಬೇರೆ. ನಡುವಿನಿಂದ ಕಾಲಿಗೆ ನೋವು ಸೆಳೆಯುತ್ತದೆ ಎಂದು ಬಂದವರನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಚದಂತೆ ಹಿಮ್ಮಡಿಯನ್ನು ಹಿಡಿದು ಕಾಲನ್ನು ಮೆಲ್ಲನೆ ಎತ್ತಲಾಗುತ್ತದೆ. ನೋವು ತೊಡೆಯ ಹಿಂಭಾಗದ ಬಿಗಿತವಾಗಿ ಉಳಿದರೆ ಅದಕ್ಕೊಂದು ಅರ್ಥ. ಸುಮಾರು 30ರಿಂದ 70 ಡಿಗ್ರಿಗಳ ನಡುವೆ ಮೊಣಕಾಲಿನ ಕೆಳಗೂ ಸಿಡಿದರೆ, ಕಶೇರುಕಗಳೆಂಬ ಬೆನ್ನಿನ ಬಿಡಿ ಎಲುಬುಗಳ ನಡುವಿನ ಮೆತ್ತೆ ಅಥವಾ ಡಿಸ್ಕ್ ಹೊರಚಾಚಿ ನರದ ಬುಡವನ್ನು ಕೆಣಕುತ್ತಿರಬಹುದೆಂಬ ಅನುಮಾನ. ಎಷ್ಟು ಡಿಗ್ರಿಗೆ ನೋವು ಬಂತೆಂಬುದನ್ನು ಕೋನಮಾಪಕವಿಟ್ಟು ಅಳೆದು ಬರೆದಿಡಲಾಗುತ್ತದೆ. ಮುಂದಿನ ವಾರ ಅದೇ ಕಾಲು ಅದೇ ರೀತಿ ಏರಿ, ಹಳೆಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಕೂಡುತ್ತದೆ. ವಸ್ತಾದನ ಬೆರಳಿಗೆ ಗೊತ್ತಿದ್ದುದೆಲ್ಲ ಈ ಕಾಗದದಲ್ಲಿ ಇಲ್ಲ, ಆದರೆ ಕಾಗದಕ್ಕೆ ಗೊತ್ತಿರುವುದನ್ನು ಇನ್ನೊಬ್ಬ ಚಿಕಿತ್ಸಕ ಓದಬಲ್ಲ, ತಪ್ಪಿದ್ದರೆ ತೋರಿಸಬಲ್ಲ. ನಡುನೋವಿನ ವಿಷಯದಲ್ಲಿ ಆಧುನಿಕ ವೈದ್ಯವೂ ತಪ್ಪುಗಳನ್ನು ತಿದ್ದಿಕೊಂಡೇ ಬಂದಿದೆ. ಮಿಕ್ಸ್ಟರ್ ಮತ್ತು ಬಾರ್ ಎಂಬ ಅಮೆರಿಕದ ಶಸ್ತ್ರವೈದ್ಯರು 1934ರಲ್ಲಿ ಹೊರಚಾಚಿದ ಡಿಸ್ಕಿಗೂ ಕಾಲಿನ ಸೆಳೆತಕ್ಕೂ ಇರುವ ನಂಟನ್ನು ತೋರಿಸಿದ ಮೇಲೆ, ಜಗತ್ತಿನ ನಡುನೋವೆಲ್ಲ ಡಿಸ್ಕಿನದೇ ಎಂಬಂತೆ ವಾರಗಟ್ಟಲೆ ಹಾಸಿಗೆ ಹಿಡಿಸುವುದು, ತೂಕ ಕಟ್ಟಿ ನಡು ಎಳೆಯುವುದು ರೂಢಿಯಾಯಿತು. 1986ರಲ್ಲಿ ರಿಚರ್ಡ್ ಡೆಯೊ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, 2 ದಿನ ಮಲಗಿದವರೂ 7 ದಿನ ಮಲಗಿದವರೂ ಒಂದೇ ತೆರನಾಗಿ ಗುಣವಾದರು, ಕಡಿಮೆ ಮಲಗಿದವರು ಕೆಲಸಕ್ಕೆ ಬೇಗ ಮರಳಿದರು. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಬೋರಲು ಮಲಗಿ ಬೆನ್ನನ್ನು ಹಿಂದಕ್ಕೆ ಬಾಗಿಸುವಂಥ ವ್ಯಾಯಾಮಗಳನ್ನು ರೋಗಿಯೇ ಮಾಡಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಬೈಠಕ್ ಜೊತೆ ದಂಡ ಹೊಡೆದು ಬೆಳೆದ ಪೈಲ್ವಾನನಿಗೆ ಆ ಭಂಗಿ ಹೊಸದೇನೂ ಅಲ್ಲ, ಹೊಸದಾದದ್ದು ಅದನ್ನು ನೋವಿರುವಾಗ ಎಣಿಸಿ ಮಾಡಬೇಕೆಂಬ ಮಾತು.

ಯಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಟ್ರಾಸೌಂಡ್, ಡೈಥರ್ಮಿ, ಚರ್ಮದ ಮೇಲೆ ಪಟ್ಟಿ ಅಂಟಿಸಿ ಹರಿಸುವ ಮೆಲುವಿದ್ಯುತ್ತು ಇವು ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಲ್ಲವು. ದೀರ್ಘಕಾಲದ ನಡುನೋವಿಗೆ ಇವುಗಳಿಂದ ಆಗುವ ಲಾಭಕ್ಕೆ ಪುರಾವೆ ತೆಳುವಾದದ್ದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತ ಬಂದಿವೆ. ಆದರೂ ‘ಕರೆಂಟ್ ಕೊಡಿಸಿಕೊಂಡು ಬಂದೆ’ ಎಂಬ ಮಾತು ಬೆಳಗಾವಿಯಲ್ಲಿ ಚಿಕಿತ್ಸೆಗೇ ಪರ್ಯಾಯವಾಗಿ ಬಳಕೆಯಲ್ಲಿದೆ, ಮತ್ತು ವ್ಯಾಯಾಮವನ್ನಷ್ಟೇ ಹೇಳಿ ಕಳಿಸುವ ಚಿಕಿತ್ಸಕ ಏನೂ ಮಾಡಲಿಲ್ಲವೆಂಬ ದೂರು ಕೇಳಿಬರುವುದುಂಟು.

ಕ್ರೀಡೆಯ ಗಾಯಗಳಲ್ಲಿ ಹೊಸ ವಿದ್ಯೆಯ ಬೆಲೆ ಇನ್ನೂ ಸ್ಪಷ್ಟವಾಗಿ ಕಂಡಿತು, ಏಕೆಂದರೆ ಕುಸ್ತಿಯೇ ಬದಲಾಗಿತ್ತು. ಅಂತರರಾಷ್ಟ್ರೀಯ ನಿಯಮದ ಪಂದ್ಯ ಮ್ಯಾಟಿನ ಮೇಲೆ ತಲಾ 3 ನಿಮಿಷಗಳ ಎರಡು ಸುತ್ತುಗಳಲ್ಲಿ ಮುಗಿಯುತ್ತದೆ. ಮಟ್ಟಿಯಲ್ಲಿ ನಿಧಾನ ಹಿಡಿತದ, ತಾಳ್ಮೆಯ ಹೋರಾಟವಿದ್ದರೆ, ಇಲ್ಲಿ ವೇಗದ ನುಗ್ಗಾಟ. ಮಣ್ಣಿನಲ್ಲಿ ಪಾದ ಜಾರುತ್ತದೆ, ಮ್ಯಾಟಿನಲ್ಲಿ ಬೂಟು ಕಚ್ಚಿಕೊಳ್ಳುತ್ತದೆ. ಪಾದ ನಿಂತು ಮೈ ತಿರುಗಿದಾಗ ಆ ತಿರುಚು ಮೊಣಕಾಲಿಗೆ ಬರುತ್ತದೆ, ಎಲುಬಿಗೆ ಎಲುಬನ್ನು ಬಿಗಿಯುವ ಅಸ್ಥಿರಜ್ಜು ಹರಿಯುತ್ತದೆ. ಮಟ್ಟಿಯಲ್ಲೂ ಅದು ಹರಿಯುತ್ತಿತ್ತು. ಆಗ ಅಂಥ ಪೈಲ್ವಾನನ ಕಾಲು ‘ಕೈಕೊಡುತ್ತದೆ’ ಎಂದು ಹೇಳಿ ಅವನ ಆಟ ಮುಗಿಯಿತೆಂದು ಬಿಡಲಾಗುತ್ತಿತ್ತು. ಈಗ ದೂರ್ಬೀನಿನಂಥ ಕೊಳವೆಯನ್ನು ಕೀಲಿನೊಳಗೆ ತೂರಿಸಿ ಮಾಡುವ ಆರ್ಥ್ರೋಸ್ಕೋಪಿಯಿಂದ ಹೊಸ ರಜ್ಜುವನ್ನು ಕೂರಿಸಿದ ಮೇಲೆ, ಮೊದಲ ವಾರಗಳಲ್ಲಿ ಮೊಣಕಾಲನ್ನು ಪೂರ್ತಿ ನೆಟ್ಟಗಾಗಿಸುವುದು, ಬಳಿಕ ಅರೆ ಬೈಠಕ್, ಒಂಟಿ ಕಾಲಿನ ಸಮತೋಲ, ಓಟ, ಜಿಗಿತ, ಕೊನೆಗೆ ಪಟ್ಟುಗಳು ಎಂಬ ಏರುಕ್ರಮದಲ್ಲಿ ಸಾಮು ಮರಳುತ್ತದೆ. ಮರಾಠಾ ರೆಜಿಮೆಂಟಿನ ಕೇಂದ್ರದಲ್ಲಿರುವ ಬಾಲಕರ ಕ್ರೀಡಾ ತುಕಡಿಯಂಥ ಕಡೆ ಎಳೆಯ ಪೈಲ್ವಾನರು ಸೇನೆಯ ಶಿಸ್ತಿನಲ್ಲೇ ಬೆಳೆಯುತ್ತಾರೆ. ಬೆಳಗಾವಿ ಪಕ್ಕದ ತುರಮುರಿಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ, ಮಧ್ಯ ಏಷ್ಯಾ ಮೂಲದ ಕುಸ್ತಿಯಾದ ಕುರಾಷ್‌ನಲ್ಲಿ ಕಂಚು ಗೆದ್ದದ್ದು, ಹೆಣ್ಣುಮಕ್ಕಳಿಗೆ ಎಂದೂ ಬಾಗಿಲು ತೆರೆಯದ ಹಳೆಯ ತಾಲೀಮುಗಳ ಸೀಮೆಯಲ್ಲಿ ಕ್ರೀಡೆಯ ವ್ಯಾಪ್ತಿ ಎಷ್ಟು ಹಿಗ್ಗಿದೆ ಎಂಬುದಕ್ಕೆ ಸಾಕ್ಷಿ.

ಖಾನಾಪುರದ ಕಥೆ ಕ್ರೀಡೆಗಿಂತ ಹೆಚ್ಚಾಗಿ ದುಡಿಮೆಯದು. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ, ಜಾಂಬೋಟಿ ಕಡೆಯ ಮಳೆಕಾಡಿನಿಂದ ಲೋಂಡಾದ ರೈಲು ಜಂಕ್ಷನ್‌ವರೆಗೆ ಹಬ್ಬಿದ ಈ ತಾಲ್ಲೂಕಿನಲ್ಲಿ ಭತ್ತದ ನಾಟಿ, ತಲೆಹೊರೆಯ ಕಟ್ಟಿಗೆ, ರೈಲುಹಳಿಯ ಗ್ಯಾಂಗಿನ ಕೆಲಸ, ಹೆಂಚು ಮತ್ತು ಇಟ್ಟಿಗೆಯ ಭಟ್ಟಿಗಳು ಬೆನ್ನನ್ನು ಸವೆಸುವ ಬಗೆಗಳು. ಇಲ್ಲಿನ ಜೇಡಿ ಮಣ್ಣಿನ ಹೆಸರಿನಿಂದಲೇ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲಿ ನೆಲೆಸಿದೆ. ನೆಲಮಟ್ಟದ ತಿಗರಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮಣ್ಣಿನ ಮೇಲೆ ಸ್ಥಿರವಾಗಿಡುವ ಕುಂಬಾರನ ಭಂಗಿಯಲ್ಲಿ ನಡುವಿನ ಡಿಸ್ಕುಗಳ ಮೇಲೆ ಸತತ ಒತ್ತಡ ಬೀಳುತ್ತದೆ. ವಿದ್ಯುತ್ ತಿಗರಿ ಬಂದ ಮೇಲೆ ಕೋಲಿನಿಂದ ಚಕ್ರ ತಿರುಗಿಸುವ ಶ್ರಮ ತಪ್ಪಿತು, ಎತ್ತರದ ಪೀಠವಿಲ್ಲದ ಕಡೆ ಬಾಗುವುದು ತಪ್ಪಲಿಲ್ಲ. ಇಂಥವರಿಗೆ ನಗರದ ಚಿಕಿತ್ಸಕ ಹತ್ತು ದಿನ ಬನ್ನಿ ಎಂದರೆ, ಬಸ್ಸಿನ ಖರ್ಚಿನ ಜೊತೆಗೆ ಹತ್ತು ದಿನದ ಕೂಲಿಯೂ ಹೋಗುತ್ತದೆ. ಮೂರನೆಯ ದಿನಕ್ಕೆ ನೋವು ಅರ್ಧ ಇಳಿದರೆ ಅವರು ಬರುವುದಿಲ್ಲ. ಇದನ್ನು ಅಸಡ್ಡೆಯೆಂದು ಕರೆಯುವುದು ಸುಲಭ. ಲೆಕ್ಕ ಹಾಕಿದರೆ ಅವರ ತೀರ್ಮಾನದಲ್ಲಿ ತಪ್ಪು ಕಾಣುವುದು ಕಷ್ಟ. 2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಭೌತಚಿಕಿತ್ಸೆಗೆ ಜಾಗ ಕಲ್ಪಿಸಿತು, ಆದರೆ ನಾಟಿಯ ಹೆಂಗಸಿಗೂ ಭಟ್ಟಿಯ ಆಳಿಗೂ ಜಿಲ್ಲಾ ಆಸ್ಪತ್ರೆಯೇ ದೂರ. ಹಳ್ಳಿಯ ಎಲುಬು ಕಟ್ಟುವವನು ಇಂದಿಗೂ ಉಳಿದಿರುವುದಕ್ಕೆ ನಂಬಿಕೆಯಷ್ಟೇ ಕಾರಣವಲ್ಲ, ಅವನು ಸಂಜೆ ಕೆಲಸ ಮುಗಿದ ಮೇಲೂ ಸಿಗುತ್ತಾನೆ.

ದೇಶಮಟ್ಟದಲ್ಲಿ ಭೌತಚಿಕಿತ್ಸಕರ ಶಿಕ್ಷಣ ಮತ್ತು ನೋಂದಣಿಗೆ ಒಂದೇ ಕಾನೂನಿನ ಚೌಕಟ್ಟು ಬಂದದ್ದು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮದಿಂದ. ಅದೂ ಮೊದಲ ಶಾಲೆ ತೆರೆದು ಸುಮಾರು ಏಳು ದಶಕಗಳು ಕಳೆದ ಮೇಲೆ. ಯಾರು ಚಿಕಿತ್ಸಕ, ಯಾರು ಬರೀ ಮಾಲೀಸಿನವನು ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ದೊರೆತಿದೆ. ಆಖಾಡದಲ್ಲಿ ಪ್ರಶ್ನೆ ಬೇರೆ ರೂಪದಲ್ಲಿ ನಿಂತಿದೆ. ಸುಗ್ಗಿ ಮುಗಿದು ಜಾತ್ರೆಗಳು ಸಾಲಾಗಿ ಬರುವ ತಿಂಗಳುಗಳೇ ಮಣ್ಣಿನ ಪೈಲ್ವಾನನ ಗಳಿಕೆಯ ಕಾಲ, ಅವನ ಹಾಲು–ಬಾದಾಮಿಯ ಖುರಾಕಿನ ಖರ್ಚು ಆ ಇನಾಮುಗಳಿಂದಲೇ ಹುಟ್ಟಬೇಕು. ರಜ್ಜು ಹೊಲಿಸಿಕೊಂಡವನಿಗೆ ಚಿಕಿತ್ಸಕರು ಸಾಮಾನ್ಯವಾಗಿ 9 ತಿಂಗಳು ಆಟ ಬೇಡವೆನ್ನುತ್ತಾರೆ. ಆ 9 ತಿಂಗಳಿಗೆ ತಾಲೀಮಿನಲ್ಲಾಗಲೀ ಜಾತ್ರಾ ಸಮಿತಿಯಲ್ಲಾಗಲೀ ವಿಮೆಯಿಲ್ಲ. ಹಾಗಾಗಿ ಅನೇಕರು ಐದಾರು ತಿಂಗಳಿಗೇ ಮೊಣಕಾಲಿಗೆ ಪಟ್ಟಿ ಸುತ್ತಿ ಮಟ್ಟಿಗಿಳಿಯುತ್ತಾರೆ, ಮತ್ತು ಬೆಳಗಾವಿಯ ಅನುಭವಿ ಚಿಕಿತ್ಸಕರು ಈ ಸಂಗತಿಯನ್ನು ಅರಿತೇ ವ್ಯಾಯಾಮದ ಪಟ್ಟಿಯನ್ನು ರೋಗಿಯ ಕೈಗಷ್ಟೇ ಕೊಡದೆ ಅವನ ವಸ್ತಾದನನ್ನೂ ಕರೆಸಿ ವಿವರಿಸತೊಡಗಿದ್ದಾರೆ.